ಮೋರಖಂಡಿ ಕಲ್ಲುಗಣಿಯಲ್ಲಿ ಇಲ್ಲದ ಜೇಡ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬದಿದ್ದರೆ ನಿಮಗೇ ಒಳ್ಳೆಯದು. ನನ್ನನ್ನು ನಂಬಿದ ಒಬ್ಬರೇ ಒಬ್ಬರು ಬೇಸಿಗೆಯೆಲ್ಲ ಬಿಸಿಲಲ್ಲಿ ಒಣಗಿಹೋದರು. ಜಗತ್ತಿನ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಜೀವಿಯನ್ನು ನಾನು ಹಿಡಿದಿದ್ದೆ. ಪಿಯುಸಿ ಮೊದಲ ವರ್ಷದ ಪರೀಕ್ಷೆ ಮುಗಿದಿತ್ತಷ್ಟೆ. ಬರಿಗೈಯಲ್ಲಿ ಹಿಡಿದೆ. ಸರಿ, ಬರಿಗೈಯಲ್ಲಲ್ಲ, ಅವ್ವನ ಉಪ್ಪಿನಕಾಯಿ ಬಾಟಲಿಯಲ್ಲಿ.

ಬಸವಕಲ್ಯಾಣದ ನಮ್ಮ ಮನೆಯ ಎಮ್ಮೆ ಕೊಟ್ಟಿಗೆಯ ಹಿಂದೆ ಸೊಂಟದೆತ್ತರದ ಒಂದು ಮಣ್ಣಿನ ದಿಬ್ಬ ಇದೆ. ಸೆಗಣಿ ಬಳಿಯಲು ಹೋದವನು ಅಲ್ಲೊಂದು ಮುಚ್ಚಳ ಕಂಡೆ. ಮಣ್ಣಿನದೇ ಮುಚ್ಚಳ, ನಾಣ್ಯದಷ್ಟು ಗುಂಡಗೆ. ಪೊರಕೆ ಕಡ್ಡಿಯಿಂದ ಎತ್ತಿದರೆ ಒಳಗಿನಿಂದ ಯಾರೋ ಎಳೆದುಕೊಂಡರು. ಮತ್ತೆ ಎತ್ತಿದೆ, ಮತ್ತೆ ಎಳೆದರು. ನಮ್ಮ ಬಚ್ಚಲಿಗೆ ಚಿಲಕ ಇಲ್ಲದ ಕಾಲದಲ್ಲಿ ನಾನೂ ಹೀಗೇ ಬಾಗಿಲು ಹಿಡಿದುಕೊಂಡು ಸ್ನಾನ ಮಾಡುತ್ತಿದ್ದೆ. ಒಂದು ಗಂಟೆ ಕುಸ್ತಿಯಾದ ಮೇಲೆ ಅಂಗೈಯಗಲದ ಕಪ್ಪು ಜೇಡ ಹೊರಬಿತ್ತು. ಸರಿ, ಐದು ನಿಮಿಷ, ಹೆಬ್ಬೆರಳಿನ ತುದಿಯಷ್ಟು ಅಂತ ಇಟ್ಟುಕೊಳ್ಳಿ.

ಹುಮನಾಬಾದಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸರ್ ಒಬ್ಬರು ಹಿಂದೊಮ್ಮೆ ನಮ್ಮ ಕಾಲೇಜಿಗೆ ಭಾಷಣಕ್ಕೆ ಬಂದಿದ್ದರು. "ಜೇಡ ಕಂಡ್ರ ಚಪ್ಪಲಿ ಹುಡಕಬ್ಯಾಡ್ರಿ, ನನ್ನ ಕಡೆ ತರ್ರಿ" ಅಂದಿದ್ದರು. ಎಲ್ಲರೂ ನಕ್ಕಿದ್ದರು, ನಾನು ಎಲ್ಲರಿಗಿಂತ ಜೋರಾಗಿ. ಮರುದಿನವೇ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಹುಮನಾಬಾದ್ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಮುದುಕಿ ಬಾಟಲಿ ನೋಡಿ, "ಮಾವಿನಕಾಯಿದೇನೋ ತಮ್ಮಾ? ಜರಾ ಕೊಡು, ರೊಟ್ಟಿ ಒಣಾ ಅದ" ಎಂದಳು. ತೋರಿಸಿದೆ. ಅಲ್ಲಿಂದ ಮುಂದೆ ಮೂರು ಜನರ ಸೀಟಿನಲ್ಲಿ ನಾನೊಬ್ಬನೇ ಕಾಲು ಚಾಚಿ ಕೂತೆ.

ಸರ್ ಜೇಡವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮೊದಲು ಹೂಂ ಅಂದರು. ಆಮೇಲೆ ಒಂದು ಪುಸ್ತಕ ತೆಗೆದರು, ಇನ್ನೊಂದು ತೆಗೆದರು, ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ನನ್ನ ಎದೆ ಬಡಿತ ಕಾರಿಡಾರಿನ ಜವಾನನಿಗೂ ಕೇಳಿಸಿರಬೇಕು.

"ಎಲ್ಲಿ ಸಿಕ್ತು ತಮ್ಮಾ ಇದು?"

ಇಲ್ಲೇ ನೋಡಿ ನಾನು ಕೆಟ್ಟದ್ದು. ಇಷ್ಟು ದೊಡ್ಡ ಪ್ರಶ್ನೆಗೆ 'ಎಮ್ಮೆ ಸೆಗಣಿ ಪಕ್ಕ' ಅಂತ ಹೇಗೆ ಹೇಳುವುದು?

"ಮೋರಖಂಡಿ ಕಡೆ ಹಳೇ ಕಲ್ಲುಗಣಿ ಅದ ನೋಡ್ರಿ ಸರ್, ಅಲ್ಲಿ. ಹಗ್ಗ ಕಟ್ಟಿ ಇಳದೆ. ಮ್ಯಾಲಿಂದ ಕಲ್ಲು ಉರಳಾಕತ್ತಿದ್ವು. ನಾಗರಹಾವು ಬ್ಯಾರೆ ಹೆಡಿ ಎತ್ತಿತ್ತು."

ಸರ್ ಎರಡು ಬೆರಳಗಲದ ಚೀಟಿ ತೆಗೆದು ಪೆನ್ಸಿಲಿನಿಂದ ಬರೆದರು. ಚೀಟಿ ಜೇಡದ ಜೊತೆಗೇ ಸ್ಪಿರಿಟ್ಟಿನ ಬಾಟಲಿಯಲ್ಲಿರಬೇಕು, ಶಾಯಿಯಾದರೆ ಕರಗುತ್ತದಂತೆ. ಮೋರಖಂಡಿ, ಹಳೇ ಕಲ್ಲುಗಣಿ. ತಾರೀಖು. ಹಿಡಿದವರು: ಅಲ್ಲಿ ನನ್ನ ಹೆಸರು. ಹಗ್ಗವನ್ನೂ ಹಾವನ್ನೂ ಬರೆಯಲೇ ಇಲ್ಲ. ನಿಜ ಹೇಳುತ್ತೇನೆ, ಆಗ ನನಗೆ ಬೇಸರವಾದದ್ದು ಅದಕ್ಕೆ.

"ಮೊದಲ ನಮ್ಮ ಕಡೆ ಇಂಥಾವೆಲ್ಲ ಒಂದೇ ಜಾತಿ ಅಂತಿದ್ರು," ಎಂದು ಸರ್ ವಿವರಿಸಿದರು. "ಆಮ್ಯಾಲ ಕೂತು ನೋಡಿದವರು, ಅಲ್ಲಪ್ಪಾ, ಇವು ಮೂರು ಅವ ಅಂದ್ರು. ನಿಂದು ಆ ಮೂರಕ್ಕೂ ಹೊಂದವಲ್ದು."

"ಅಂದ್ರ ಹೊಸಾದೇನ್ರಿ?"

"ಇರಬಹುದು. ಆದ್ರ ಇದು ಹೆಣ್ಣು. ಗಂಡಿನ ಬಾಯಿ ಬಾಜೂಕ ಎರಡು ಸಣ್ಣ ಕೈ ಇರ್ತಾವ, ಅದರ ಆಕಾರ ನೋಡಲಾರ್ದ ಖಾತ್ರಿ ಹೇಳಾಕ ಬರಲ್ಲ. ಗಂಡು ಮಳಿಗಾಲಕ್ಕ ಹೊರಗ ಬರ್ತದ. ಅದು ಬೇಕು, ಅದರ ಜಾಗಾನೂ ನೋಡಬೇಕು."

"ಹೊಸಾದಾದ್ರ ನನ್ನ ಹೆಸರು ಇಡ್ತೀರೇನ್ರಿ ಸರ್?"

ಸರ್ ನಕ್ಕರು. "ಹುಡುಕಿ ಕೊಟ್ಟವರ ಹೆಸರು ಇಡೋ ಪದ್ಧತಿ ಅದ. ಮೊದಲ ಗಂಡು ತಾ."

ಅಷ್ಟು ಸಾಕಾಯಿತು. ಸಂಜೆಯೊಳಗೆ ಓಣಿಗೆಲ್ಲ ಹೇಳಿದೆ. ಪ್ರಪಂಚ ಇರುವ ತನಕ ನನ್ನ ಹೆಸರಿನ ಜೇಡ ಇರುತ್ತದೆ ಅಂದೆ. "ಛಲೋ ಆತು," ಎಂದ ನನ್ನ ಗೆಳೆಯ, "ಇನ್ಮ್ಯಾಲ ಮನ್ಯಾಗ ಜೇಡ ಹೊಡಿಯಾಗೆಲ್ಲ ನಿನ್ನ ಹೆಸರು ತಗೊಂಡೇ ಹೊಡೀತೇನಿ." ಮನೆಯಲ್ಲಿ ಮಾತ್ರ ಹೇಳಲಿಲ್ಲ. ಬಾಟಲಿಯ ಜಗಳವೇ ಇನ್ನೂ ಮುಗಿದಿರಲಿಲ್ಲ.

ಮುಂದಿನ ಭಾನುವಾರ ಸರ್ ಹುಮನಾಬಾದಿನಿಂದ ಬೈಕಿನಲ್ಲಿ ಬಂದೇಬಿಟ್ಟರು. ಮೋರಖಂಡಿಯ ಗಣಿಗೆ ನಾನು ಕಾಲಿಟ್ಟದ್ದೇ ಅವತ್ತು ಮೊದಲು. ಕಲ್ಲಿನ ಮೇಲೆ ಹಿಟ್ಟು ಬಡಿದಿದ್ದರೆ ರೊಟ್ಟಿ ಉಬ್ಬುತ್ತಿತ್ತು. ಸರ್ ಮೊಣಕಾಲೂರಿ ಒಂದೊಂದೇ ಬಿರುಕನ್ನು ನೋಡುತ್ತಾ ಹೋದರು. "ಯಾವ ಬಾಜೂಕ ಇಳದಿದ್ದಿ ತಮ್ಮಾ?" ಅಂದಾಗ ಒಂದು ಕಡೆ ಬೆರಳು ತೋರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು. ತೋರಿಸಿದೆ. ಅದು ಬೇರೆ ಕಡೆ. ಅಲ್ಲಿ ಸಿಕ್ಕಿದ್ದು ಎರಡು ಓತಿಕ್ಯಾತ, ಒಂದು ಹರಿದ ಚಪ್ಪಲಿ. ಎರಡನೆಯ ಭಾನುವಾರ ಚಪ್ಪಲಿಯೂ ಇರಲಿಲ್ಲ.

ಮೂರನೆಯ ಭಾನುವಾರಕ್ಕೆ ನಾನು ತಯಾರಿ ಮಾಡಿಕೊಂಡೆ. ಹಿಂದಿನ ದಿನವೇ ಸೈಕಲ್ ತುಳಿದು ಹೋಗಿ, ಗಣಿಯ ಅಂಚಿನ ಮಣ್ಣಿನಲ್ಲಿ ಸೈಕಲ್ ಕಡ್ಡಿಯಿಂದ ಗುಂಡನೆಯ ತೂತು ಕೊರೆದು, ಅಂಟು ಹಚ್ಚಿದ ಬಟ್ಟೆಗೆ ಮಣ್ಣು ಬಡಿದು ಮುಚ್ಚಳ ಮಾಡಿದೆ. ಅಂಥ ಕಸಬುದಾರಿಕೆ ಆ ಜೇಡಕ್ಕೂ ಬರುತ್ತಿರಲಿಲ್ಲ. ಸರ್ ಅದನ್ನು ಕಂಡು ಓಡಿ ಬಂದರು, ಭೂತಗನ್ನಡಿ ಹಿಡಿದರು, ಮುಚ್ಚಳ ಎತ್ತಿದರು, ಮೂಸಿದರು.

"ಇದು ಜೇಡಂದಲ್ಲ," ಎಂದರು. "ಯಾವನೋ ಸಣ್ಣ ಹುಡುಗ ಆಟ ಆಡ್ಯಾನ."

ಸಣ್ಣ ಹುಡುಗ! ನನಗೆ ಹದಿನೇಳು. ಸಿಟ್ಟು ಬಂತು, ಆದರೆ ಯಾರ ಮೇಲೆ ತೀರಿಸುವುದು? ಮನೆ ಹಿಂದಿನ ದಿಬ್ಬದಲ್ಲಿ ಮುಚ್ಚಳಗಳು ಸಾಲಾಗಿ ಕೂತಿದ್ದವು. ಆ ಜೇಡಗಳು ಅಲ್ಲಿ ತಂಪಾಗಿದ್ದವು. ನಾವಿಬ್ಬರು ಇಲ್ಲಿ ಸುಡುತ್ತಿದ್ದೆವು.

ಅವತ್ತು ವಾಪಸು ಬರುವಾಗ ಚಹಾದ ಅಂಗಡಿಯಲ್ಲಿ ಹೇಳಿಯೇಬಿಡಬೇಕು ಅಂದುಕೊಂಡೆ. "ಸರ್, ಒಂದು ಮಾತು..." ಅಂತ ಬಾಯಿ ತೆಗೆದೆ. ಸರ್ ಬಸಿಗೆ ಸುರಿದ ಚಹಾ ಆರಿಸಿಕೊಳ್ಳುತ್ತಾ ತಮ್ಮದೇ ಲಹರಿಯಲ್ಲಿದ್ದರು.

"ನಮ್ಮ ಕಪಾಟಿನ್ಯಾಗ ಒಂದು ಚೇಳು ಅದ ತಮ್ಮಾ. ಹತ್ತು ವರ್ಷದ ಹಿಂದ ಒಬ್ಬ ಹುಡುಗ ತಂದಿದ್ದ, ಮನ್ನಾಏಖೇಳ್ಳಿ ಊರಿಂದು ಅಂತ ಚೀಟಿ ಬರದಿದ್ದ. ಎರಡು ವರ್ಷ ಹುಡಕಿದೆ, ಒಂದೂ ಸಿಗಲಿಲ್ಲ. ಆಮ್ಯಾಲ ಗೊತ್ತಾತು, ಸೋಲಾಪುರದ ಮಾವನ ಮನ್ಯಾಗ ಹಿಡದಿದ್ನಂತ. ಜೀವಿ ಸತ್ರೂ ನಡೀತದ, ಚೀಟಿ ಖೊಟ್ಟಿ ಆಗಬಾರ್ದು. ಚೀಟಿ ಖೊಟ್ಟಿ ಆದ್ರ ಅದು ಬರೇ ಸತ್ತ ಹುಳ." ಚಹಾ ಹೀರಿದರು. "ನೀ ಏನೋ ಅನ್ನಾಕತ್ತಿದ್ದಿ?"

"ಏನಿಲ್ರಿ. ಖಾರಾ ಭಜಿ ತಿಂತೀರೇನು ಅಂತ."

ತಿಂದರು. ದುಡ್ಡೂ ಅವರೇ ಕೊಟ್ಟರು. ಅದು ಇನ್ನೂ ಕೆಟ್ಟದಾಗಿತ್ತು.

ಉಳಿದದ್ದು ಒಂದೇ ದಾರಿ. ಮಳೆ ಬಿದ್ದ ಕೂಡಲೇ ದಿಬ್ಬದಲ್ಲಿ ಗಂಡು ಹಿಡಿದು, ಜೇಬಿನಲ್ಲಿಟ್ಟುಕೊಂಡು ಸರ್ ಜೊತೆ ಗಣಿಗೆ ಹೋಗಿ, "ಸಿಕ್ತು ಸರ್!" ಅಂತ ಕೂಗುವುದು. ಹೆಸರೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಮೊದಲ ಮಳೆ ಬಂತು. ದಿನಾ ಸಂಜೆ ದಿಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಮುಚ್ಚಳ ಎತ್ತಿದಲ್ಲೆಲ್ಲ ಹೆಣ್ಣೇ. ಎಮ್ಮೆ ನನ್ನ ಬೆನ್ನು ನೆಕ್ಕುತ್ತಿತ್ತು, ಸೊಳ್ಳೆಗಳು ಉಳಿದ ಕಡೆ ನೋಡಿಕೊಂಡವು. ಗಂಡು ಮಾತ್ರ ಬರಲೇ ಇಲ್ಲ.

ಐದನೆಯ ಸಲ ಗಣಿಗೆ ಹೋದ ದಿನ ಆಕಾಶವೇ ಕಳಚಿ ಬಿದ್ದಂಥ ಮಳೆ. ಇಷ್ಟು ದಿನ ಸರ್ ಅವರನ್ನು ಮನೆಯ ಹತ್ತಿರ ಸುಳಿಯದಂತೆ ನೋಡಿಕೊಂಡಿದ್ದೆ. ಅವತ್ತು ಅವರೇ, "ನಿಮ್ಮ ಮನಿ ಇಲ್ಲೇ ಅಲ್ಲೇನು? ಜರಾ ನಿಂತು ಹೋಗೋಣು" ಎಂದು ಬೈಕು ತಿರುಗಿಸಿದರು. ಪಡಸಾಲೆಯಲ್ಲಿ ಕೂತು ತಲೆ ಒರೆಸಿಕೊಂಡರು. ಪ್ಯಾಂಟು ಮೊಣಕಾಲಿನ ತನಕ ಗಣಿಯ ಕೆಸರು.

"ಮುಂದಿನ ವರ್ಷ ನೋಡೋಣು ತಮ್ಮಾ," ಎಂದರು. "ನೀ ಭಾಳ ಕಷ್ಟಪಟ್ಟಿ."

ಹೇಳಬೇಕಿದ್ದರೆ ಅದೇ ಹೊತ್ತು. ನಾಲಿಗೆಯ ತುದಿಗೆ ಬಂದಿತ್ತು, ಆಣೆ ಮಾಡುತ್ತೇನೆ.

ಅಷ್ಟರಲ್ಲಿ ಅವ್ವ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಪೂಜೆಯ ಎತ್ತು ಮಾಡಲು ಮಣ್ಣು ಕಲಸುತ್ತಿದ್ದಳು. ಕೈ ಮೊಣಕೈವರೆಗೆ ಕೆಸರು. ಕೈಯಲ್ಲೊಂದು ತಾಟು, ತಾಟಿನ ಮೇಲೆ ಬೋರಲು ಹಾಕಿದ ಗಾಜಿನ ಗ್ಲಾಸು, ಗ್ಲಾಸಿನೊಳಗೆ ಸುತ್ತು ಹೊಡೆಯುತ್ತಿರುವ ಒಂದು ಜೇಡ.

"ಏ, ತಗೋ, ಮಣ್ಣು ಹದಾ ಮಾಡಾಗ ಬಂತು," ಎಂದಳು. ಆಮೇಲೆ ಸರ್ ಅವರನ್ನು ಕಂಡು, "ಬರ್ರಿ ಸರ್, ಕುಂದರ್ರಿ. ಇಂವಾ ಹುಳಾ ಹುಳಾ ಅಂತ ಸಾಯಾಕತ್ತಾನಲ್ಲಾ, ಅದಕ್ಕ ಮುಚ್ಚಿ ತಂದೇನಿ."

ಸರ್ ತಾಟಿನ ಮೇಲೆ ಬಗ್ಗಿದರು. ಸಣಕಲು ಮೈ, ಉದ್ದ ಕಾಲು, ಬಾಯಿಯ ಪಕ್ಕ ಗುದ್ದಾಟಕ್ಕೆ ನಿಂತಂಥ ಎರಡು ಪುಟ್ಟ ಕೈ. ಗಂಡು.

"ಅಕ್ಕಾರ," ಸರ್ ಗ್ಲಾಸಿನಿಂದ ಕಣ್ಣು ತೆಗೆಯದೆ ಕೇಳಿದರು, "ಎಲ್ಲೀ ಮಣ್ಣು ಇದು?"

ನಾನು ಕೆಮ್ಮಿದೆ. ಕಣ್ಣು ಮಿಟುಕಿಸಿದೆ. ಕ್ಷಯ ಬಂದವರೂ ಹಾಗೆ ಕೆಮ್ಮಿರಲಾರರು.

"ಇಲ್ಲೇ ರೀ, ಎಮ್ಮಿ ಕೊಟ್ಟಗಿ ಹಿಂದ. ಭಾಳ ಅವ ಅಲ್ಲಿ. ಯಾಕ, ಇಂವಾ ಹೇಳಿಲ್ಲೇನ್ರಿ? ಬ್ಯಾಸಿಗ್ಯಾಗ ನನ್ನ ಬಾಟ್ಲಿ ಹೊಲಸು ಮಾಡಿ ಹಿಡದದ್ದೂ ಅಲ್ಲೇ."

ಸರ್ ನನ್ನ ಕಡೆ ನೋಡಿದರು. ತಮ್ಮ ಪ್ಯಾಂಟಿನ ಕಡೆ ನೋಡಿಕೊಂಡರು. ಜೇಬಿನಿಂದ ಹೊಸ ಚೀಟಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲಿನಿಂದ ಬರೆದರು: ಬಸವಕಲ್ಯಾಣ, ಎಮ್ಮೆ ಕೊಟ್ಟಿಗೆಯ ಹಿಂದಿನ ದಿಬ್ಬ. ತಾರೀಖು. ಹಿಡಿದವರು.

ಅಲ್ಲಿ ಪೆನ್ಸಿಲು ನಿಂತಿತು.

"ಅಕ್ಕಾರ, ನಿಮ್ಮ ಹೆಸರೇನ್ರಿ?"

ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು, ವೋಟರ್ ಪಟ್ಟಿಯವರಿಗೆ ಹೇಳುವ ಹಾಗೆ, ಗಂಡನ ಹೆಸರು ಸಮೇತ ಪೂರ್ತಿ ಹೇಳಿದಳು.