ಹಾಲಿನಾ ಅವರ ಬೆರಳು ಮತ್ತು ಒಂಬತ್ತು ಅಕ್ಷರಗಳು

ಕೋವಿಡ್ ಮುಗಿದು ಆಫೀಸುಗಳು ಮತ್ತೆ ಬಾಗಿಲು ತೆರೆದ ವರ್ಷ ಅದು. ನಾನು ಆಗ ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿ ಮೊಬೈಲ್ ಕೀಬೋರ್ಡ್ ವಿನ್ಯಾಸ ತಂಡದ ಮುಖ್ಯಸ್ಥೆ. ಕನ್ನಡ, ತೆಲುಗು, ತಮಿಳು ಕೀಬೋರ್ಡ್‌ಗಳಲ್ಲೇ ತಲೆ ನರೆಸಿಕೊಂಡ ನನಗೆ ಪೋಲಿಷ್ ಭಾಷೆಯ ಕೆಲಸ ಬಂತು. ಅಕ್ಷರಗಳು ಹೆಚ್ಚುಕಡಿಮೆ ಇಂಗ್ಲಿಷಿನವೇ. ಜೊತೆಗೆ ಒಂಬತ್ತು ಅಕ್ಷರ ಹೆಚ್ಚು: a ಕೆಳಗೆ ಬಾಲ ಬಂದರೆ ą, l ಮೇಲೆ ಅಡ್ಡಗೆರೆ ಬಿದ್ದರೆ ł, ಹೀಗೆ. ಇಡೀ ಕಾಗುಣಿತವನ್ನೇ ಅಂಗೈಯಗಲದ ಪರದೆಯಲ್ಲಿ ಕೂರಿಸಿದ ನಮಗೆ ಒಂಬತ್ತು ಯಾವ ಲೆಕ್ಕ ಎಂದು ನಕ್ಕೆವು.

ಪೋಲಿಷ್ ಬಲ್ಲವರನ್ನು ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಬನಶಂಕರಿಯ ನಮ್ಮ ಮನೆಯ ಮಹಡಿಯಲ್ಲೇ ಪೋಲೆಂಡಿನ ಆನ್ಯಾ ಬಾಡಿಗೆಗಿದ್ದಳು. ಹತ್ತಿರದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದಳು. ತರಕಾರಿ ಗಾಡಿಯವರ ಹತ್ತಿರ ಚೌಕಾಸಿ ಮಾಡಿ ಕಲಿತ ಕನ್ನಡ ಅವಳದು. ಕೊಸರು ಕೇಳದೆ ಕೊತ್ತಂಬರಿ ಸೊಪ್ಪು ಕೊಂಡವಳಲ್ಲ.

ಮೊದಲ ಮಾದರಿಯಲ್ಲಿ ಕನ್ನಡದ ಅಭ್ಯಾಸಬಲದಿಂದ ಒಂಬತ್ತಕ್ಕೂ ಒಂದೊಂದು ಕೀ ಕೊಟ್ಟೆವು. ಕೀಗಳೆಲ್ಲ ಕಿರಿದಾದವು. ಆನ್ಯಾ ಫೋನನ್ನು ಕಣ್ಣಿನ ಹತ್ತಿರ ಹಿಡಿದು, “ಆಂಟಿ, ಇದು ಇರುವೆಗೆ ಮಾಡಿದ್ದಾ?” ಎಂದಳು. ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ಸರಿ. ಆಮೇಲೆ ಎಲ್ಲರೂ ಮಾಡುವಂತೆ ಲಾಂಗ್ ಪ್ರೆಸ್ ಇಟ್ಟೆವು. ಅಂದರೆ a ಮೇಲೆ ಬೆರಳನ್ನು ಒತ್ತಿ ಹಿಡಿದರೆ ಮೇಲೆ ą ಕಾಣಿಸಿಕೊಳ್ಳುತ್ತದೆ. ಕೆಲಸ ಕೊಟ್ಟ ಕಂಪನಿಯೂ ಒಪ್ಪಿತು.

ಹೊಸ ಮಾದರಿ ತೋರಿಸಿದಾಗ ಆನ್ಯಾ ಮಾತ್ರ ಫೋನು ಹಿಡಿದು ಮೆಟ್ಟಿಲ ಮೇಲೆ ನಿಂತೇ ಇದ್ದಳು. “ಚೆನ್ನಾಗಿದೆ ಆಂಟಿ. ಆದ್ರೆ ನಮ್ಮಮ್ಮಂಗೆ ಆಗಲ್ಲ.”

ಪೋಲೆಂಡಿನಲ್ಲೇ ಇದ್ದ ಅವಳ ತಾಯಿ ಹಾಲಿನಾ ನಿವೃತ್ತ ಶಾಲಾ ಶಿಕ್ಷಕಿ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು. ದನಿಯೂ ಎಷ್ಟು ಸಣ್ಣಗಾಗಿತ್ತೆಂದರೆ ಫೋನಿನಲ್ಲಿ ಮಾತು ತಿಳಿಯುತ್ತಿರಲಿಲ್ಲ. ತಾಯಿ ಮಗಳ ನಡುವೆ ಉಳಿದಿದ್ದು ಬರೆಯುವುದೊಂದೇ. ಬಾಲ, ಗೆರೆ ಬಿಟ್ಟು ಬರೆದರೂ ಓದುವವರಿಗೆ ಅರ್ಥವಾಗುತ್ತದೆ, ಅಲ್ಲಿನ ಹುಡುಗರು ಹಾಗೇ ಬರೆಯುತ್ತಾರಂತೆ. ಆದರೆ ಜೀವನವಿಡೀ ಮಕ್ಕಳ ಬರವಣಿಗೆ ತಿದ್ದಿದ ಟೀಚರು ಅದನ್ನು ಹೇಗೆ ಒಪ್ಪಿಯಾರು? ಫೋನೇ ಪದ ಊಹಿಸಿ ತಿದ್ದುವ ಸೌಲಭ್ಯವನ್ನೂ ಆಫ್ ಮಾಡಿಸಿದ್ದರು. ನನ್ನ ಮಾತನ್ನು ಯಂತ್ರ ಮುಗಿಸುವುದು ಬೇಡ ಎಂಬ ಹಟ. ಕೊನೆಗೆ ಬರೆಯುವುದನ್ನೇ ನಿಲ್ಲಿಸಿದ್ದರು. ಮಗಳ ಸಂದೇಶಗಳಿಗೆ ಈಗ ಬರುತ್ತಿದ್ದ ಉತ್ತರ ಒಂದು ಹೆಬ್ಬೆರಳಿನ ಚಿತ್ರ ಮಾತ್ರ.

“ಓದ್ತಾರೆ ಆಂಟಿ. ಏನೂ ಹೇಳಲ್ಲ,” ಎಂದಳು ಆನ್ಯಾ. ಅಮ್ಮ ಟೈಪ್ ಮಾಡುವ ಒಂದು ವಿಡಿಯೊ ತರಿಸು ಎಂದೆ.

ಹಾಲಿನಾ ಟೈಪ್ ಮಾಡುವುದನ್ನು ಆನ್ಯಾಳ ಚಿಕ್ಕಮ್ಮ ವಿಡಿಯೊ ಮಾಡಿ ಕಳಿಸಿದರು. ಆಫೀಸಿನಲ್ಲಿ ಅದನ್ನು ಮತ್ತೆ ಮತ್ತೆ ನೋಡಿದೆವು. ಕೀಯನ್ನು ತಟ್ಟಿ ಬಿಡುವುದು ಅವರಿಗೆ ನಿಧಾನವಾಗಿಯಾದರೂ ಆಗುತ್ತಿತ್ತು. ಬೆರಳನ್ನು ಅಲ್ಲೇ ನಿಲ್ಲಿಸಿದರೆ ನಡುಗಿ ಪಕ್ಕದ ಕೀಗೆ ಜಾರುತ್ತಿತ್ತು. ನಮ್ಮ ವಿನ್ಯಾಸ ಕೇಳುತ್ತಿದ್ದುದೇ ಬೆರಳನ್ನು ನಿಲ್ಲಿಸಿ ಎಂದು.

ನನ್ನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಎಂಜಿನಿಯರ್ ಮಂಜುನಾಥ್ ಟೀ ಲೋಟ ಕೆಳಗಿಟ್ಟರು. “ಮೇಡಂ, ಹಿಡ್ಕೊಂಡೇ ಯಾಕಿರ್ಬೇಕು? ನಾವು ಕನ್ನಡದಲ್ಲಿ ಮೊದ್ಲು ಕ ಒತ್ತಿ, ಆಮೇಲೆ ಕೊಂಬು ಒತ್ತಲ್ವಾ?”

ಇಷ್ಟು ವರ್ಷ ಅನ್ನ ಹಾಕಿದ ವಿದ್ಯೆ ಕಣ್ಣೆದುರೇ ಇತ್ತು! ಒಂದೇ ಒಂದು ಹೆಚ್ಚುವರಿ ಕೀ ಇಟ್ಟೆವು. a ತಟ್ಟಿ ಅದನ್ನು ತಟ್ಟಿದರೆ ą, l ತಟ್ಟಿ ಅದನ್ನು ತಟ್ಟಿದರೆ ł. z ಅಕ್ಷರಕ್ಕೆ ಎರಡು ರೂಪವಿದೆ, ಎರಡನೆಯದು ಬೇಕಾದರೆ ಇನ್ನೊಮ್ಮೆ ತಟ್ಟಿದರಾಯಿತು. ಆ ಕೀಗೆ ನಮ್ಮೊಳಗೆ ಕೊಂಬು ಎಂದೇ ಹೆಸರಾಯಿತು. ಪೋಲಿಷ್ ಜನಕ್ಕೆ ಇದು ಅಭ್ಯಾಸವಿಲ್ಲ ಎಂದು ಕೆಲಸ ಕೊಟ್ಟ ಕಂಪನಿ ತಕರಾರು ತೆಗೆಯಿತು. ಬೇಕಾದವರು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳಲಿ ಎಂದು ನಾನೂ ಜಗಳವಾಡಿ ಒಪ್ಪಿಸಿದೆ.

ಹೊಸ ಕೀಬೋರ್ಡನ್ನು ಹಾಲಿನಾ ಅವರ ಫೋನಿಗೆ ಹಾಕಿಸಿದ ಮೇಲೂ ಕೆಲವು ದಿನ ಬಂದಿದ್ದು ಅದೇ ಹೆಬ್ಬೆರಳು. ನಾನು ಕೇಳುವುದನ್ನೇ ಬಿಟ್ಟೆ. ಒಂದು ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಆನ್ಯಾ ಬರಿಗಾಲಲ್ಲಿ ಓಡಿ ಬಂದು ಅಡುಗೆಮನೆಯ ಹೊಸ್ತಿಲಲ್ಲೇ ಕುಸಿದು ಕೂತಳು. ಕೆನ್ನೆಯೆಲ್ಲ ಕಣ್ಣೀರು. ಕಾಫಿಯನ್ನು ಅಲ್ಲೇ ಬಿಟ್ಟು ಅವಳ ಹತ್ತಿರ ಓಡಿದೆ.

“ಆಂಟಿ, ಬೈದಿದ್ದಾರೆ!” ಎಂದಳು. “ಎಷ್ಟುದ್ದ ಬೈದಿದ್ದಾರೆ ನೋಡಿ!”

ಪರದೆ ತುಂಬ ಬರೆದಿದ್ದರು, ಒಂದು ಬಾಲವೂ ತಪ್ಪದಂತೆ. ಆನ್ಯಾ ಅಳುತ್ತಾ ನಗುತ್ತಾ ಅರ್ಥ ಹೇಳಿದಳು. ಫೋಟೊದಲ್ಲಿ ಕೂದಲು ಯಾಕೆ ಅಷ್ಟು ಗಿಡ್ಡ? ಬರಿಗಾಲಲ್ಲಿ ಯಾಕೆ ಓಡಾಡುತ್ತೀಯ? ಕೊನೆಯ ಸಾಲು ನನಗೆ: ಆ ಕೀ ಮಾಡಿದವರಿಗೆ ಹೇಳು, ಇನ್ನೂ ಸ್ವಲ್ಪ ದೊಡ್ಡದಿರಲಿ.

ದೊಡ್ಡದು ಮಾಡಿದೆವು. ಅಕ್ಷರ ಎಣಿಸುವ ಮೊದಲು ಬೆರಳನ್ನು ನೋಡಬೇಕೆಂದು ಈ ಕೆಲಸ ನನಗೆ ಕಲಿಸಿತು. ಅಲ್ಲಿಂದೀಚೆಗೆ ಯಾವ ಭಾಷೆಯ ಕೆಲಸ ಬಂದರೂ ಮೊದಲು ಕೇಳುವುದು ಒಂದು ಕೈಯ ವಿಡಿಯೊ. ಹಾಲಿನಾ ಅವರು ಈಗಲೂ ಬರೆಯುತ್ತಾರೆ. ಬೈಗುಳದಲ್ಲಿ ಈಚೆಗೆ ನನಗೂ ಪಾಲಿದೆ, ಅವರ ಮಗಳಿಗೆ ಅಷ್ಟೊಂದು ಖಾರ ತಿನ್ನಿಸುವವಳು ನಾನೇ ತಾನೆ.