ಹೇಸಿಕೆ ಬಿಟ್ಟ ಶ್ರಾವಣ

ಆಗೆಲ್ಲ ಚಿಕ್ಕೇರೂರಿನ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳುಗಳಿಗೆ ಮರ್ಯಾದೆ ಹೆಚ್ಚಿತ್ತು. ಗಾಳಿ ಬೆಳಕು ಚೆನ್ನಾಗಿದ್ದ ಪಡಸಾಲೆಯನ್ನು ಅಪ್ಪ ರೇಷ್ಮೆಹುಳುಗಳಿಗೆ ಬಿಟ್ಟುಕೊಟ್ಟು ನಮ್ಮನ್ನು ಅಡುಗೆಮನೆಗೆ ದಬ್ಬಿದ್ದ. ಘಾಟಿಗೆ ಹುಳು ಸಾಯುತ್ತವೆಂದು ಒಗ್ಗರಣೆಯೂ ಬಂದ್. ನಿಮ್ಮ ಮನೆಯಲ್ಲೂ ಹುಳು ಸಾಕಿದ್ದರೆ ಆ ವಾಸನೆ ನಿಮಗೆ ಗೊತ್ತಿರುತ್ತದೆ. ಹಸಿ ಸೊಪ್ಪು, ಹಿಕ್ಕೆ, ಸುಣ್ಣದ ಪುಡಿ ಎಲ್ಲ ಕೂಡಿ ಶ್ರಾವಣದ ಜಿಟಿಜಿಟಿ ಮಳೆಗೆ ಹುಳಿ ಹಿಡಿದ ವಾಸನೆ. ಅರಿವೆಗೆ, ಹಾಸಿಗೆಗೆ, ಕೊನೆಗೆ ರೊಟ್ಟಿಗೂ ಅದು ಹತ್ತುತ್ತಿತ್ತು.

ನನಗಂತೂ ಹುಳು ಕಂಡರೆ ಹೇಸಿಕೆ. ಬೆಳ್ಳಗೆ, ಮೆತ್ತಗೆ, ತಣ್ಣಗೆ. ಥೂ! ಅಪ್ಪನ ಅವ್ವ, ನಮ್ಮ ಆಯಿ, ಅಕ್ಕರೆಯಿಂದ ಶಾವಿಗೆ ಬಸಿದು ಬೆಲ್ಲ ಹಾಲು ಹಾಕಿ ಮುಂದಿಟ್ಟರೆ, ತಾಟು ನೋಡಿದ್ದೇ ಹಿತ್ತಲಿಗೆ ಓಡಿ ಕಾರಿಕೊಂಡಿದ್ದೆ.

ಆದರೆ ರೇಷ್ಮೆಗೂಡು ಮಾರಲು ಅಪ್ಪ ಟೆಂಪೊ ಹತ್ತುವಾಗ ನನಗೂ ಹತ್ತಬೇಕಿತ್ತು. ಹಿರೇಕೆರೂರು ದಾಟಿ ಆಚೆ ಏನಿದೆ ಎಂದು ನೋಡಿದವಳೇ ಅಲ್ಲ ನಾನು. ಅತ್ತು ಕರೆದು ಮಾಡಿದೆ, ಊಟ ಬಿಟ್ಟೆ. ಅಪ್ಪ ಜಗ್ಗಲಿಲ್ಲ.

"ಹುಳ ಮುಟ್ಟಿದವ್ರು ಟೆಂಪೊ ಹತ್ತಬೇಕು. ಮೂಗ ಮುಚಗೊಳ್ಳಾವ್ರು ಮನ್ಯಾಗ ಕುಂದರಬೇಕು."

ಅವ್ವ ನನ್ನನ್ನು ಪಕ್ಕಕ್ಕೆ ಕರೆದಳು. "ಒಮ್ಮಿಗೇ ಆಗೂದಿಲ್ಲವ್ವಾ. ಇವತ್ತ ಬಾಗಲದಾಗ ನಿಂತು ನೋಡು, ಸಾಕು. ನಾಳಿಗಿ ಒಂದ್ ಹೆಜ್ಜಿ ಒಳಗ ಬಾ."

ಹಾಗೆ ಶುರುವಾಯಿತು. ಬಾಗಿಲಲ್ಲಿ ನಿಂತೆ. ಆಮೇಲೆ ಒಳಗೆ ಬಂದೆ. ಆಮೇಲೆ ಉಸಿರು ಬಿಗಿಹಿಡಿದು ಹುಳುಗಳ ತಟ್ಟೆಗಳಿಗೆ ಸೊಪ್ಪು ಹಾಕಿದೆ. ಎಲೆಯ ಮೇಲೆ ಅಂಗೈ ಇಟ್ಟರೆ ಕೆಳಗೆ ಅವು ಹರಿದಾಡುವುದು ಗೊತ್ತಾಗುತ್ತಿತ್ತು. ಒಂದು ದಿನ ಬೆರಳ ತುದಿಯಿಂದ ಒಂದರ ಬೆನ್ನು ಮುಟ್ಟಿದೆ. ಪ್ರತಿ ಸಲವೂ ಕೈಗೆ ಬೂದಿ ಹಾಕಿ ಚರ್ಮ ಕೆಂಪಾಗುವ ಹಾಗೆ ತಿಕ್ಕಿ ತೊಳೆಯುತ್ತಿದ್ದೆ.

ಕಟ್ಟೆಯ ಮೇಲೆ ಕೂತ ಆಯಿ ಗೊಣಗುತ್ತಿದ್ದಳು. "ಕೊಳ್ಳಾಗ ಲಿಂಗ ಕಟಗೊಂಡು ಹುಳ ಸಾಕಿ ಹುಳ ಕೊಲ್ಲೂದು, ಇದೆಂಥಾ ದುಡಿಮಿಯೋ? ಆ ಕೂಸಿಗ್ಯಾಕ ಕಲಸ್ತೀರಿ?"

"ಪೂಜಿಗೆ ರೇಷ್ಮಿ ಸೀರಿ ಉಡುವಾಗ ಹೇಸಿಕಿ ಬರೂದಿಲ್ಲಲ್ಲ ನಿನಗ? ಸುಮ್ನಿರಬೇ. ಎಲ್ಲಾ ರೂಢಿ ಆಗ್ತೈತಿ," ಎಂದು ಅಪ್ಪ ಬಾಯಿ ಮುಚ್ಚಿಸುತ್ತಿದ್ದ.

ಹುಳುಗಳು ಗೂಡು ಕಟ್ಟಲು ಇನ್ನೇನು ಕೆಲವೇ ದಿನ ಅನ್ನುವಾಗ ಹಾಲುರೋಗ ಬಿತ್ತು. ರೋಗದ ಹುಳು ಮೈ ಉಬ್ಬಿ, ಹಳದಿಯಾಗಿ ತಟ್ಟೆಯ ಅಂಚಿನಲ್ಲಿ ಸುಮ್ಮನೆ ಅಲೆಯುತ್ತದೆ. ತುಸು ಒತ್ತಿದರೆ ಚರ್ಮ ಒಡೆದು ಬಿಳಿ ರಸ ಸೋರುತ್ತದೆ. ಆ ರಸ ಬಿದ್ದ ಸೊಪ್ಪು ತಿಂದ ಹುಳುಗಳಿಗೂ ಅದೇ ಗತಿ. ಒಡೆಯುವ ಮೊದಲೇ ಅವನ್ನು ಆರಿಸಿ ತೆಗೆಯದಿದ್ದರೆ ಆ ಸಲದ ಬೆಳೆಯೂ ಇಲ್ಲ, ಟೆಂಪೊವೂ ಇಲ್ಲ.

"ನಿನ್ನ ಬೆರಳ ಸಣ್ಣವ ಅದಾವ," ಎಂದಳು ಅವ್ವ. "ಆರಸ್ತೀ ಏನವ್ವಾ?"

ನಾನು ಎತ್ತಿದ ಮೊದಲನೆಯದೇ ಬೆರಳುಗಳ ನಡುವೆ ಒಡೆಯಿತು. ರಸ ಉಗುರಿನ ಸಂದಿಗೆ ಇಳಿಯಿತು. ಅದನ್ನು ಸುಣ್ಣದ ನೀರಿನ ಬಕೆಟ್ಟಿಗೆ ಹಾಕಿ ಹೊರಗೆ ಓಡಿ ಕಾರಿಕೊಂಡೆ, ಬಾಯಿ ತೊಳೆದು ಮತ್ತೆ ಬಂದೆ. ಮತ್ತೊಂದು ಒಡೆಯಿತು, ಮತ್ತೆ ಓಡಿದೆ. ಮರುದಿನ ಓಡಿದ್ದು ಕಡಿಮೆ. ಆಮೇಲೆ ಬರೀ ಉಗುಳುತ್ತಿದ್ದೆ. ಕೊನೆಗೊಂದು ಮುಂಜಾನೆ ಒಂದು ಕೈಯಲ್ಲಿ ರೋಗದ ಹುಳು ಆರಿಸುತ್ತ ಇನ್ನೊಂದು ಕೈಯಲ್ಲಿ ರೊಟ್ಟಿ ತಿನ್ನುತ್ತಿದ್ದೆ. ಅವ್ವ ಅದನ್ನು ನೋಡಿ ಹಾಗೇ ನಿಂತುಬಿಟ್ಟಳು.

ಬೆಳೆ ಉಳಿಯಿತು. ಗೂಡಿನ ಚೀಲಗಳ ಪಕ್ಕದಲ್ಲಿ ಕೂತು ನಾನು ಹಿರೇಕೆರೂರು ದಾಟಿದೆ. ಮಾರಾಟ ಮುಗಿಸಿ, ಕೊಂಡವರ ನೂಲು ಬಿಚ್ಚುವ ಶೆಡ್ಡಿಗೆ ಚೀಲ ಇಳಿಸಲು ಹೋದೆವು. ಅಲ್ಲಿ ಕುದಿಯುವ ನೀರಿನಲ್ಲಿ ಗೂಡುಗಳು ಬೇಯುತ್ತಿದ್ದವು. ನೂಲು ಬಿಚ್ಚಿ ಮುಗಿದಂತೆ ಒಳಗಿನ ಕಂದು ಹುಳು ಬರಿಮೈಯಲ್ಲಿ ತೇಲುತ್ತಿತ್ತು. ಬಾಗಿಲ ಹತ್ತಿರವೇ ಬೆಂದ ಹುಳುಗಳ ರಾಶಿ, ಅದರ ಮೇಲೆ ನೊಣ. ಆ ನಾತಕ್ಕೆ ಅಪ್ಪನೇ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ. ನಾನು ಮಿರ್ಚಿಭಜಿ ತಿನ್ನುತ್ತ ನೋಡುತ್ತ ನಿಂತಿದ್ದೆ.

"ನೋಡ್ರಿ ನಮ್ಮ ಹುಡುಗೀನ್ನ!" ಅಪ್ಪ ಶೆಡ್ಡಿನವನಿಗೆ ಹೇಳಿದ. "ಹುಳ ಕಂಡ್ರ ಓಡಾಕಿ. ದಿನಾ ಇಷ್ಟಿಷ್ಟ ರೂಢಿ ಮಾಡಕೊಂಡು ಈಗ ಹೆಂಗ ನಿಂತಾಳ!"

ನಾನು ಉಬ್ಬಿಹೋದೆ.

ಮನೆಗೆ ಬಂದ ಮೇಲೆ ಆಯಿಗೆ ಎಲ್ಲ ವರದಿ ಒಪ್ಪಿಸಿದೆ. ಆಕೆ ಕೇಳಿದ್ದು ಒಂದೇ. "ನಿನಗ ನಾತ ಬರಲಿಲ್ಲೇನ?"

"ಇಲ್ಲ ಆಯಿ! ಏನೂ ಆಗಲಿಲ್ಲ!"

"ಅಯ್ಯ ನನ ಕೂಸ, ಹೇಸಿಕಿನೂ ಕಳದ್ರಲ್ಲೋ ಇದರದು," ಎಂದು ನನ್ನ ತಲೆ ಸವರಿದಳು. ಗೆದ್ದು ಬಂದವಳಿಗೆ ಶಾಬಾಸ್ ಅನ್ನುವುದು ಬಿಟ್ಟು ಇದೇನು ಮಾತು ಎಂದು ಸಿಟ್ಟು ಮಾಡಿಕೊಂಡು ಎದ್ದು ಹೋದೆ.

ಈಗ ಶಿಗ್ಗಾವಿಯಲ್ಲಿದ್ದೇನೆ. ದಿನಕ್ಕೆ ಇಷ್ಟಿಷ್ಟೇ ಮಾಡಿದರೆ ಏನನ್ನಾದರೂ ಸಾಧಿಸಬಹುದೆಂದು ಕೋಟು ಹಾಕಿಕೊಂಡವನೊಬ್ಬ ಫೋನಿನ ವಿಡಿಯೊದಲ್ಲಿ ದಿನಾ ಒದರುತ್ತಾನೆ. ಸುಳ್ಳಲ್ಲ, ನಾನೇ ಸಾಕ್ಷಿ. ನಮ್ಮ ಮನೆಯ ಮುಂದಿನ ಗಟಾರವೂ ಸಾಕ್ಷಿ. ಮಕ್ಕಳ ಹೇಲಿನ ಚಡ್ಡಿ, ಕೋಳಿಯ ಕರುಳು, ಒಮ್ಮೊಮ್ಮೆ ಉಬ್ಬಿದ ಹಂದಿ. ಮೊದಮೊದಲು ಓಣಿಯವರೆಲ್ಲ ಕೂಡಿ ಪುರಸಭೆಯವರನ್ನು ಬೈದೆವು. ಆಮೇಲೆ ಬರೀ ಮೂಗು ಮುಚ್ಚಿಕೊಂಡೆವು. ಈಗ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತೇವೆ. ಛೀ, ಎಂಥ ಜನ ನಾವು!

ಮೊನ್ನೆ ಶಾಲೆಗೆ ಹೊರಟ ಮಗಳು ಆ ಗಟಾರದ ಹತ್ತಿರ ಕಾರಿಕೊಂಡಳು. "ಇನ್ನೂ ಸಣ್ಣಾಕಿ ಅದಾಳ, ಸ್ವಲ್ಪ ದಿನ ತಡಿ, ರೂಢಿ ಆಗ್ತೈತಿ," ಎಂದು ಪಕ್ಕದ ಮನೆಯಾಕೆ ನಕ್ಕಳು. ನಾನು ಮಗಳ ಬೆನ್ನು ನೀವುತ್ತ ಉದ್ದಕ್ಕೆ ಉಸಿರೆಳೆದೆ. ಮತ್ತೊಮ್ಮೆ ಎಳೆದೆ. ಒಳಗೆ ಏನೂ ಅಲುಗಲಿಲ್ಲ.

ಮಗಳು ಬಾಯಿ ಒರೆಸಿಕೊಂಡು ನನ್ನ ಮುಖ ನೋಡಿದಳು. "ಅವ್ವಾ, ನಿನಗ ನಾತ ಬರೂದಿಲ್ಲೇನ?"

ಆಯಿಗೆ ಅಂದು ಕುಣಿಯುತ್ತ ಕೊಟ್ಟ ಉತ್ತರವೇ ಇವತ್ತಿನದೂ. ಸೆರಗಿನ ತುದಿಯಿಂದ ಅವಳ ಮೂಗು ಮುಚ್ಚಿ ಶಾಲೆಯ ಕಡೆ ನಡೆಸಿದೆ.