ಗೊರಿಲ್ಲಾ ಬಾಣಂತಿಯೂ ನಮ್ಮ ಡಾಕ್ಟರ ಗಂಟಲೂ

ಕಳೆದ ಶನಿವಾರ ಕ್ವಾಲಾಲಂಪುರದ ಬಾಂಗ್ಸಾರ್‌ನಲ್ಲಿ, ಮಾಮಕ್ ಅನ್ನುವ ರಸ್ತೆಬದಿ ಹೋಟೆಲಿನಲ್ಲಿ ಕೂತಿದ್ದೆವು. ಮೂರ್ನಾಲ್ಕು ಕನ್ನಡ ಸಂಸಾರ, ಎದುರಿಗೆ ಬಿಸಿ ರೊಟ್ಟಿ ಚನಾಯ್, ನೊರೆ ನೊರೆ ತೆ ತಾರಿಕ್ ಚಹಾ. "ಡಾಕ್ಟ್ರೇ, ಗೊರಿಲ್ಲಾ ಹೇಗಿತ್ತು ಹೇಳಿ ಲಾ" ಅಂದರು ಗೆಳೆಯರೊಬ್ಬರು, ಮಲೇಷ್ಯಾದ 'ಲಾ' ಸೇರಿಸಿ.

ನನ್ನ ಗಂಡ ಸುಧೀರ ಟೀ ಲೋಟದೊಳಗೇ ನೋಡುತ್ತ ಹೇಳಿದ, "ನಮ್ಮ ಅತ್ತೆಯನ್ನ ಕೇಳಿ. ನಾನು ನೋಡ್ಲಿಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ಜೋಕ್ ಅಂದುಕೊಂಡರು ಪಾಪ. ಜೋಕಲ್ಲ ಸ್ವಾಮಿ! ಗೊರಿಲ್ಲಾ ನೋಡಲೆಂದೇ ಕ್ವಾಲಾಲಂಪುರದಿಂದ ಉಗಾಂಡಾಕ್ಕೆ ಹೋಗಿ, ಕಾಡಿನ ಬಾಗಿಲಲ್ಲಿ ಬೆಂಚಿನ ಮೇಲೆ ಕೂತು, ಹಾಗೇ ವಾಪಸು ಬಂದ ಮನುಷ್ಯ ನಮ್ಮ ಮನೆಯಲ್ಲಿದ್ದಾನೆ. ಅವನನ್ನು ಆ ಬೆಂಚಿನ ಮೇಲೆ ಕೂರಿಸಿದವಳು ನನ್ನ ಅಮ್ಮ.

ಸುಧೀರ ಉಡುಪಿಯವನು. ನಿಲಾಯ್‌ನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಮದುವೆಯಾದ ಹೊಸದರಲ್ಲಿ ಬೇರೆ ಗಂಡಂದಿರು ಊಟಿ, ಸಿಂಗಪುರ ಅನ್ನುತ್ತಿದ್ದಾಗ ಇವನು ಗೊರಿಲ್ಲಾ ಅನ್ನುತ್ತಿದ್ದ. ಅಂತೂ ಎರಡು ಸಾವಿರದ ಇಪ್ಪತ್ತಕ್ಕೆ ಎಲ್ಲ ಬುಕ್ ಆಯಿತು. ಆಮೇಲೆ ಏನಾಯಿತು ಅಂತ ನಿಮಗೆ ಹೇಳಬೇಕೇ? ವಿಮಾನ ಬಂದ್, ಆಫ್ರಿಕಾ ಬಂದ್, ಗೊರಿಲ್ಲಾ ಬಂದ್. ಬೇಸಿಗೆ ಕಳೆಯಲು ಮೈಸೂರಿನಿಂದ ಬಂದಿದ್ದ ಅಮ್ಮ ಮಾಂಟ್ ಕಿಯಾರಾದ ನಮ್ಮ ಕಾಂಡೋ ಫ್ಲ್ಯಾಟಿನಲ್ಲಿ ಲಾಕ್. ಒಂದು ಡಬ್ಬಿ ಉಪ್ಪಿನಕಾಯಿ ಹಿಡಿದುಕೊಂಡು ಬಂದವಳು ಎರಡು ವರ್ಷ ಉಳಿದಳು.

ಡಾಕ್ಟರ್ ಮನೆಯಲ್ಲಿ ಲಾಕ್‌ಡೌನ್ ಹೇಗಿರುತ್ತೆ ಗೊತ್ತಾ? ಕೊತ್ತಂಬರಿ ಸೊಪ್ಪಿಗೂ ಸ್ನಾನ. ಪೇಪರಿಗೂ ಕ್ವಾರಂಟೈನ್. ಒಂದು ದಿನ ಸಾರಿಗೆ ಒಗ್ಗರಣೆ ಹಾಕುವಾಗ ಬ್ಯಾಡಗಿ ಮೆಣಸಿನಕಾಯಿ ಘಾಟಿಗೆ ಅಮ್ಮ ಕೆಮ್ಮಿದಳು. ಸುಧೀರ ರೂಮಿನಿಂದ ಓಡಿ ಬಂದ, ಕೈಯಲ್ಲಿ ಟೆಸ್ಟ್ ಕಿಟ್!

"ಅಳಿಯಂದ್ರೇ, ಇದು ಮೆಣಸಿನಕಾಯಿ ಘಾಟು ಕಣ್ರೀ."

"ಎಲ್ಲರೂ ಹಾಗೇ ಹೇಳುದು ಅತ್ತೆ. ಸ್ವಲ್ಪ ತಲೆ ಎತ್ತಿ."

ಮೂಗಿಗೆ ಕಡ್ಡಿ ಹೋಯಿತು. ನೆಗೆಟಿವ್. ಆದರೂ ಸಂಜೆವರೆಗೆ ರೂಮಿನಲ್ಲೇ ಇರಬೇಕೆಂದು ಆರ್ಡರ್. ಫ್ಯಾಮಿಲಿ ಗ್ರೂಪಿನಲ್ಲಿ 'ಅತ್ತೆ ನೆಗೆಟಿವ್' ಎಂಬ ಪ್ರಕಟಣೆ ಬೇರೆ. (ಅದನ್ನು ಓದಿ ಮೈಸೂರಿನಿಂದ ಚಿಕ್ಕಮ್ಮ ಅಳುತ್ತಾ ಫೋನ್ ಮಾಡಿದ್ದರು.) ಅಮ್ಮ ತುಟಿಪಿಟಕ್ಕೆನ್ನಲಿಲ್ಲ. ಅಳಿಯ ತಾನೆ? ಕಾವಲಿಯ ಮೊದಲ ಗರಿ ದೋಸೆ ಅಳಿಯನಿಗೆ, ಮೊಸರಿನ ಕೆನೆ ಅಳಿಯನಿಗೆ. ಅವನಿಗೆ ಎದುರು ಮಾತಾಡಿದ್ದನ್ನು ನಾನಂತೂ ಕಂಡವಳಲ್ಲ.

ಸುಧೀರನ ಗೊರಿಲ್ಲಾ ಹುಚ್ಚು ಮಾತ್ರ ಇಳಿಯಲಿಲ್ಲ. ಕಾಡಿನಲ್ಲಿ ಬೆಟ್ಟ ಹತ್ತಬೇಕಲ್ಲ, ಅದಕ್ಕೆ ಪ್ರಾಕ್ಟೀಸ್ ಅಂತ ಟ್ರೆಕಿಂಗ್ ಬೂಟು ಹಾಕಿ, ಬೆನ್ನಿಗೆ ಬ್ಯಾಗು ಏರಿಸಿ ಕಾಂಡೋ ಮೆಟ್ಟಿಲು ಹತ್ತುತ್ತಿದ್ದ. ವಾಕಿಂಗ್ ಇಲ್ಲದೆ ಕಾಲು ಹಿಡಿದುಕೊಂಡಿದ್ದ ಅಮ್ಮನೂ ಹಿಂದೆ ಹತ್ತತೊಡಗಿದಳು. ಸಂಜೆ ಇಬ್ಬರೂ ಕೂತು ಗೊರಿಲ್ಲಾ ವಿಡಿಯೋ ನೋಡುವುದು. "ನೋಡೇ, ಆ ದೊಡ್ಡದು ಥೇಟ್ ನಿಮ್ಮ ದೊಡ್ಡಪ್ಪನ ಥರಾನೇ ಕೂತಿದೆ" ಅನ್ನುವಳು. ಈ ವರ್ಷ ಗಡಿ ತೆರೆದ ಸುದ್ದಿ ಬಂದಾಗ ನಾನು ಮೈಸೂರಿನ ಟಿಕೆಟ್ ಹುಡುಕತೊಡಗಿದ್ದೆ. ಸುಧೀರ ಲ್ಯಾಪ್‌ಟಾಪ್ ಮುಚ್ಚಿಸಿದ. "ಅತ್ತೆ ಇಲ್ಲದೆ ಎಂಥ ಗೊರಿಲ್ಲಾ? ಆಫ್ರಿಕಾ ಮುಗಿಸಿಯೇ ಊರಿಗೆ ಹೋಗ್ಲಿ" ಅಂದ.

ಹೀಗೆ ನಾವಿಬ್ಬರು, ಅಮ್ಮ, ಹದಿನಾರು ವರ್ಷದ ಮಗಳು ನಿಧಿ ಹೊರಟೆವು. ಮೊದಲು ಸಫಾರಿ. ಆನೆ, ಜಿರಾಫೆ, ಮರದ ಕೆಳಗೆ ಆಕಳಿಸುತ್ತ ಬಿದ್ದಿದ್ದ ಸಿಂಹಗಳು. ಸುಧೀರ ವ್ಯಾನಿನ ತೆರೆದ ಸೂರಿನಿಂದ ತಲೆ ಹೊರಹಾಕಿ ನಿಂತವನು ಕೂರಲೇ ಇಲ್ಲ. ದಾರಿಯ ಕೆಂಪು ಧೂಳೆಲ್ಲ ಅವನ ಹೊಟ್ಟೆಗೇ ಹೋಯಿತು. ಮಾರನೆಯ ಬೆಳಗ್ಗೆ ಗೊರಿಲ್ಲಾ ಟ್ರೆಕ್. ಹಿಂದಿನ ಸಂಜೆ ಅವನು ಲಾಡ್ಜಿನ ಅಡುಗೆಮನೆಯಲ್ಲಿ ಬಿಸಿನೀರು, ಉಪ್ಪು ಕೇಳಿ ಪಡೆದದ್ದು ನನಗೆ ಗೊತ್ತಾಗಲಿಲ್ಲ. ಅಮ್ಮ ನೋಡಿದ್ದಳು.

ಬೆಳಗ್ಗೆ ಕಾಡಿನಂಚಿನಲ್ಲಿ ಎಲ್ಲರನ್ನೂ ನಿಲ್ಲಿಸಿ ರೇಂಜರ್ ಇಂಗ್ಲಿಷಿನಲ್ಲಿ ನಿಯಮ ಹೇಳಿದಳು, ನಾನು ಅಮ್ಮನಿಗೆ ಕನ್ನಡದಲ್ಲಿ. ಕೈ ತೊಳೆಯಬೇಕು, ಬೂಟಿಗೆ ಔಷಧಿ ನೀರು, ಮಾಸ್ಕ್ ತೆಗೆಯುವಂತಿಲ್ಲ, ಹತ್ತಿರ ಹೋಗುವಂತಿಲ್ಲ. ನಮ್ಮ ಶೀತ, ಕೆಮ್ಮು ಗೊರಿಲ್ಲಾಗಳಿಗೂ ಅಂಟುತ್ತವೆ, ಅಂಟಿದರೆ ಜೀವಕ್ಕೇ ಅಪಾಯ. ಇವತ್ತು ನೋಡಲಿರುವ ಗುಂಪಿನಲ್ಲಿ ಒಂದು ಹಸುಗೂಸೂ ಇದೆ. "ಯಾರಿಗಾದರೂ ಆರೋಗ್ಯ ಸರಿ ಇಲ್ಲದಿದ್ದರೆ ದಯವಿಟ್ಟು ಈಗಲೇ ಹೇಳಿ."

ಸುಧೀರ ಮರದ ತುದಿ ನೋಡುತ್ತಿದ್ದ.

ಅಮ್ಮ ಅಳಿಯನನ್ನು ನೋಡಿದಳು. ನಿಧಿಯ ಟ್ರ್ಯಾಕ್ ಪ್ಯಾಂಟ್ ತೊಟ್ಟಿದ್ದಳು, ಜೀವಮಾನದಲ್ಲಿ ಮೊದಲ ಸಲ. ಹಿಡಿಯಲು ಸೆರಗಿಲ್ಲದೆ ಅವಳ ಕೈ ಸುಮ್ಮನೆ ಒದ್ದಾಡುತ್ತಿತ್ತು. ಕೊನೆಗೆ ಮೊಮ್ಮಗಳ ಕಡೆ ತಿರುಗಿದಳು.

"ನಿಧಿ, ಆಯಮ್ಮಂಗೆ ಹೇಳು. ನಿಮ್ಮಪ್ಪಂಗೆ ನಿನ್ನೆ ಸಾಯಂಕಾಲದಿಂದ ಗಂಟಲು ಸರಿಯಿಲ್ಲ. ಉಪ್ಪುನೀರು ಮುಕ್ಕಳಿಸ್ತಿದ್ರು."

"ಅಜ್ಜೀ! ಆರ್ ಯೂ ಸೀರಿಯಸ್?"

"ಅಲ್ಲಿ ಬಾಣಂತಿ ಇದಾಳೆ ಅಂತಿದಾರಲ್ಲೇ. ನೆಗಡಿ ಆದೋರು ಬಾಣಂತಿ ಕೋಣೆ ಹೊಸ್ತಿಲು ದಾಟ್ತಾರಾ?"

ನಮ್ಮಮ್ಮ ನೆಂಟರಿಷ್ಟರಲ್ಲೆಲ್ಲ ಬಾಣಂತನಕ್ಕೆ ಹೆಸರಾದವಳು. ಅವಳ ಬಾಣಂತಿ ಕೋಣೆಗೆ ಕೈಕಾಲು ತೊಳೆಯದೆ ಯಾರಿಗೂ ಪ್ರವೇಶವಿಲ್ಲ. ಸೀನಿದವರು ಕಿಟಕಿಯಿಂದಲೇ ಮಗು ನೋಡಬೇಕು. ನಾನು ಹುಟ್ಟಿದಾಗ ಶೀತವಾಗಿದ್ದ ನಮ್ಮಪ್ಪನಿಗೂ ಕಿಟಕಿಯೇ ಗತಿಯಾಗಿತ್ತಂತೆ. ಇನ್ನು ಅಳಿಯನಿಗೆ ವಿನಾಯಿತಿ ಎಲ್ಲಿಂದ?

"ಅತ್ತೇ, ಅದು ಧೂಳು! ವ್ಯಾನಿನ ಧೂಳು!"

"ಎಲ್ರೂ ಹಾಗೇ ಹೇಳೋದು ಅಳಿಯಂದ್ರೇ" ಅಂದಳು ಅಮ್ಮ.

ಇದೇನು, ಮೂಗಿನ ಕಡ್ಡಿಯ ಸೇಡಾ ಅಂತ ನನಗೂ ಒಂದು ಕ್ಷಣ ಅನಿಸಿತು. ಆದರೆ ಅವಳ ಕಣ್ಣಲ್ಲಿ ನೀರಿತ್ತು. ಹುಟ್ಟಿದಾಗಿನಿಂದ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟುಕೊಂಡು ಬಂದ ನಮ್ಮ ನಿಧಿ, ಅಜ್ಜಿಯ ಮಾತನ್ನು ಉಪ್ಪುನೀರಿನ ಸಮೇತ ಅನುವಾದಿಸಿ ರೇಂಜರ್‌ಗೆ ಒಪ್ಪಿಸಿದಳು. ಬಾಣಂತಿ ಕೋಣೆಯನ್ನೂ ಬಿಡಲಿಲ್ಲ.

ರೇಂಜರ್ ಸುಧೀರನನ್ನು ನೋಡಿದಳು. ಅವನು ಬೆನ್ನಿನ ಬ್ಯಾಗು ಇಳಿಸಿದ. ಕ್ಯಾಮೆರಾ ನನ್ನ ಕೊರಳಿಗೆ ಹಾಕಿದ. "ಅತ್ತೆ ಹೇಳಿದ್ದು ಸರಿ ಉಂಟು ಮಾರಾಯ್ತಿ. ನೀವು ಹೋಗಿ ಬನ್ನಿ." ಅಷ್ಟು ವರ್ಷದ ಆಸೆಯನ್ನು ಅವನು ಹಾಗೆ ಬೆಂಚಿನ ಮೇಲೆ ಇಟ್ಟಿದ್ದು ನೋಡಿ ನನಗೆ ಗಂಟಲು ಕಟ್ಟಿತು. (ಪುಣ್ಯಕ್ಕೆ ರೇಂಜರ್ ನೋಡಲಿಲ್ಲ, ನನ್ನನ್ನೂ ಕೂರಿಸುತ್ತಿದ್ದಳು.)

ಅಮ್ಮ ಬೆಟ್ಟ ಹತ್ತಿದಳು. ಕೆಸರು, ಮುಳ್ಳುಬಳ್ಳಿ, ಇಳಿಜಾರು. ಕಾಂಡೋ ಮೆಟ್ಟಿಲು ಹತ್ತಿದ್ದು ವ್ಯರ್ಥವಾಗಲಿಲ್ಲ. ಕೊನೆಗೆ ರೇಂಜರ್ ಕೈ ಎತ್ತಿ ನಿಲ್ಲಿಸಿದಳು. ಎಲೆಗಳ ಮಧ್ಯೆ ಬೆಳ್ಳಿ ಬೆನ್ನಿನ ಆ ಭಾರೀ ಗಂಡು, ಅದರ ಪಕ್ಕದಲ್ಲಿ ತಾಯಿ, ತಾಯಿಯ ಎದೆಗೆ ಅಂಟಿಕೊಂಡ ಕರಿಮುದ್ದೆಯಂಥ ಮರಿ. ತಾಯಿ ಮರಿಯ ಪುಟ್ಟ ಕೈಯನ್ನು ತನ್ನ ಬೆರಳಿಂದ ಬಿಡಿಸಿ ಬಿಡಿಸಿ ನೋಡುತ್ತಿತ್ತು. ನಾವೂ ಹಾಗೇ ನೋಡಿರುತ್ತೇವಲ್ಲವೇ, ನಮ್ಮ ಮಕ್ಕಳ ಕೈಯನ್ನು?

ಆಗ ಪಕ್ಕದಲ್ಲಿ ಲಟಲಟ ಸದ್ದು. ಅಮ್ಮ ಎರಡೂ ಕೈ ಮುಂದೆ ಚಾಚಿ ನಿವಾಳಿಸಿ, ತನ್ನ ಕಿವಿಗಳ ಹತ್ತಿರ ನೆಟಿಕೆ ಮುರಿದಿದ್ದಳು! ಗೊರಿಲ್ಲಾ ಮರಿಗೆ ದೃಷ್ಟಿ ತೆಗೆದಿದ್ದಳು. ಗಂಡು ಗೊರಿಲ್ಲಾ ತಲೆ ಎತ್ತಿ ನಮ್ಮ ಕಡೆ ನೋಡಿತು. ರೇಂಜರ್ ಗಾಬರಿ. ನಿಧಿ ಮಾಸ್ಕಿನೊಳಗೇ ನಗು ತಡೆದು ಕೆಂಪಾದಳು. ಗಂಡು ಒಂದು ಗಳಿಗೆ ಅಮ್ಮನನ್ನು ದಿಟ್ಟಿಸಿ, ಮತ್ತೆ ಎಲೆ ತಿನ್ನತೊಡಗಿತು.

ಇಳಿದು ಬಂದಾಗ ಸುಧೀರ ಬೆಂಚಿನಿಂದ ಎದ್ದು ಓಡಿ ಬಂದ. "ಹೇಗುಂಟು ಅತ್ತೆ?"

"ಮಗು ಲಕ್ಷಣವಾಗಿದೆ. ಮೂಗು ಅಪ್ಪಂದು. ಬಾಣಂತಿ ಸ್ವಲ್ಪ ಸೊರಗಿದಾಳೆ" ಅಂದಳು ಅಮ್ಮ. ಹೊಸ್ತಿಲಾಚೆ ನಿಂತವರಿಗೆ ಕೋಣೆಯ ಸಮಾಚಾರ ಕೊಡುವ ಅದೇ ಗತ್ತು.

ಸಂಜೆ ಲಾಡ್ಜಿನಲ್ಲಿ ಸುಧೀರ ಟೆಸ್ಟ್ ಮಾಡಿಕೊಂಡ. ಒಂದೇ ಗೆರೆ. ನೆಗೆಟಿವ್. ಗಂಟಲೂ ಅಷ್ಟರಲ್ಲಿ ಸರಿಹೋಗಿತ್ತು. ಬರೀ ಧೂಳು! ನನಗೆ ತೋರಿಸಿ ಕಸದ ಬುಟ್ಟಿಗೆ ಹಾಕಿದ. ಮನೆಮಂದಿಯ ರಿಸಲ್ಟನ್ನೆಲ್ಲ ಊರಿಗೇ ಸಾರುತ್ತಿದ್ದವನು ಊಟದ ಮೇಜಿನಲ್ಲಿ ಅಮ್ಮನಿಗೆ ಏನು ಹೇಳಿದ ಗೊತ್ತೇ? "ನೀವು ಹೇಳಿದ್ದೇ ಒಳ್ಳೇದಾಯ್ತು ಅತ್ತೆ. ಗೆರೆ ಎರಡು ಬಂತು, ತಿಳಿಯಾಗಿ." ಹಾಗಂದವನೇ ಬೇರೆ ಟೇಬಲ್ಲಿಗೆ ಹೋಗಿ ಒಬ್ಬನೇ ಕೂತು ಊಟ ಮಾಡಿದ. ಇಂಥ ಗಂಡನಿಗೆ ಏನು ಹೇಳಲಿ? ಮುದ್ದು ಬಂತು ಅಂತಲೇ ಹೇಳುತ್ತೇನೆ.

ಮೊನ್ನೆ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯಿತು, ಅಮ್ಮ ಕೆಮ್ಮಿದಳು. ಸುಧೀರ ಓಡಿ ಬಂದ. ಕೈಯಲ್ಲಿ ನೀರಿನ ಲೋಟ ಇತ್ತು. ಅವನು ಆಚೆ ಹೋದ ಮೇಲೆ ಅಮ್ಮ ಮೆಲ್ಲಗೆ ಅಂದಳು, "ಅವತ್ತು ಬಂದಿದ್ದು ಒಂದೇ ಗೆರೆ ಕಣೇ. ಬುಟ್ಟೀಲಿ ನೋಡ್ದೆ. ನಾನು ನೊಂದ್ಕೋಬಾರ್ದು ಅಂತ ಸುಳ್ಳು ಹೇಳಿದಾರೆ, ಪಾಪ. ನಂಗೆ ಗೊತ್ತು ಅಂತ ಹೇಳ್ಬೇಡ, ಬೇಜಾರು ಮಾಡ್ಕೋತಾರೆ."

ಮುಂದಿನ ತಿಂಗಳು ಅಮ್ಮ ಮೈಸೂರಿಗೆ ಹೊರಡುತ್ತಾಳೆ. ಅಲ್ಲಿಯವರೆಗೆ ಅತ್ತೆಗೆ ಅಳಿಯ ಹೇಳುವುದಿಲ್ಲ, ಅಳಿಯನಿಗೆ ಅತ್ತೆ ಹೇಳುವುದಿಲ್ಲ.

ಇಬ್ಬರೂ ನನ್ನ ಈ ಅಂಕಣವನ್ನು ತಪ್ಪದೆ ಓದುತ್ತಾರೆ. ಈಗ ನೀವೇ ಹೇಳಿ, ಈ ವಾರ ಪೇಪರನ್ನು ಮೊದಲು ಯಾರಿಂದ ಬಚ್ಚಿಡಲಿ?